ಕಲ್ಲಹಳ್ಳಿಯ ಅಡುಗೆ, ರೋಮಿನ ಊಟ

ನಾಲ್ಕಾರು ಮಂದಿ ಗೆಳೆಯರು ಕೂಡಿ ವಾರದ ಮಟ್ಟಿಗೆ ಇಟಲಿಗೆ ಹೋಗಿಬರುವುದು ಈಗ ನಮ್ಮ ಮಧ್ಯಮ ವರ್ಗದವರಿಗೆ ತೀರ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹಿಂದಿರುಗಿದವರ ಬಾಯಲ್ಲಿ ಮೈಕೆಲೇಂಜಲೋನ ಚಿತ್ರಗಳಿಗಿಂತ ಹೆಚ್ಚಾಗಿ ಕೇಳಿಬರುವುದು ಊಟದ ವರ್ಣನೆ. ರೋಮಿನ ಬೀದಿಬದಿಯ ಮೇಜು, ನೇಪಲ್ಸಿನ ಕೆಂಪು ಗೊಜ್ಜು ಬಳಿದ ಪಿಜ್ಜಾ, ಅಲ್ಲಿನವರ ಮಾತು, ನಗು. 'ಅಪ್ಪಟ ಇಟಲಿಯ ಊಟವೆಂದರೆ ಇದು' ಎಂಬ ತೀರ್ಪು ಕೊನೆಗೆ. ಹಾಗೆಯೇ ಹುಣಸೂರಿನ ಕಡೆಗೆ ಬಂದ ನೆಂಟನಿಗೆ ನಾವು ಖಾರದ ಸಾರು, ಮುದ್ದೆ ಬಡಿಸಿ 'ಇದು ನಮ್ಮ ಅಪ್ಪಟ ಊಟ' ಎನ್ನುತ್ತೇವೆ. ಈ ಅಪ್ಪಟತನಕ್ಕೆ ವಯಸ್ಸೆಷ್ಟು ಎಂದು ಕೇಳಿಕೊಂಡವರು ಕಡಮೆ. ಕೇಳಿದರೆ ಉತ್ತರ ಹೇಳಬಲ್ಲ ಪುಸ್ತಕಗಳು ಎರಡಿವೆ. ಒಂದು ರೋಮಿನದು, ಇನ್ನೊಂದು ಹುಣಸೂರು ಸೀಮೆಯದೇ.

ರೋಮಿನ ಪುಸ್ತಕವನ್ನು ಬರೆದವನು ಪ್ಲಾತಿನಾ ಎಂದು ಹೆಸರಾದ ಬಾರ್ತೊಲೊಮಿಯೊ ಸಾಕ್ಕಿ. 1475ರಲ್ಲಿ ಪೋಪರ ಗ್ರಂಥಾಲಯದ ಅಧಿಕಾರಿಯಾದ ದೊಡ್ಡ ವಿದ್ವಾಂಸ. ಅದಕ್ಕೂ ಮೊದಲು, 1468ರಲ್ಲಿ, ಬೇರೊಬ್ಬ ಪೋಪರ ಕೋಪಕ್ಕೆ ಸಿಕ್ಕಿ ಗೆಳೆಯರೊಂದಿಗೆ ಸೆರೆಮನೆಯನ್ನೂ ಕಂಡವನು. 1470ರ ಸುಮಾರಿಗೆ ಅಚ್ಚಾದ ಅವನ ಲ್ಯಾಟಿನ್ ಗ್ರಂಥವನ್ನು ಜಗತ್ತಿನ ಮೊದಲ ಮುದ್ರಿತ ಪಾಕಗ್ರಂಥವೆಂದು ಹೇಳುವುದುಂಟು. ಪಾಕವಿಧಾನಗಳೆಲ್ಲ ಬಹುಮಟ್ಟಿಗೆ ಮಾರ್ತಿನೊ ಎಂಬ ಬಾಣಸಿಗನವು. ಮಾತಿನ ಸೊಗಸು ಮಾತ್ರ ಪ್ಲಾತಿನಾನದು. ಅಡುಗೆಯ ನಡುನಡುವೆ ಗೆಳೆಯರ ಹೆಸರೆತ್ತಿ ಕೀಟಲೆ ಮಾಡುವುದು ಅವನ ಸ್ವಭಾವ. ಒಟ್ಟಿಗೆ ಕುಳಿತು ಉಣ್ಣುವವರ ಪುಸ್ತಕ ಅದು.

ಇನ್ನು ನಮ್ಮ ಪುಸ್ತಕ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯನ್ನು ಆಳಿದ, ಚಂಗಾಳ್ವ ಅರಸರ ಆಶ್ರಯದ ಜೈನ ಪ್ರಭುಮನೆತನದ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ'. ನಂಜರಾಯಪಟ್ಟಣ, ಪಿರಿಯಾಪಟ್ಟಣಗಳ ಚಂಗಾಳ್ವರನ್ನು ಕೋಟೆ ಕೊತ್ತಲಗಳ ನೆಪದಲ್ಲಾದರೂ ಜನ ನೆನೆಯುತ್ತಾರೆ. ಮಂಗರಸನನ್ನು ನೆನೆಯುವವರು ಎಂ.ಎ. ಪರೀಕ್ಷೆಗೆ ಕುಳಿತವರು ಮಾತ್ರ. ಅವರಿಗೂ ಪರಿಚಯವಿರುವುದು 'ಜಯನೃಪಕಾವ್ಯ', 'ನೇಮಿಜಿನೇಶಸಂಗತಿ', 1509ರ 'ಸಮ್ಯಕ್ತ್ವಕೌಮುದಿ'. ಅಡುಗೆಯ ಪುಸ್ತಕವನ್ನು ಸಾಹಿತ್ಯಚರಿತ್ರೆಗಳು ಪಟ್ಟಿಯ ಕೊನೆಗೆ ತಳ್ಳಿ ಮುಂದೆ ಸಾಗುತ್ತವೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಕಾವ್ಯ ಬರೆದ ಅರಸರು ನಮ್ಮಲ್ಲಿ ಹಲವರಿದ್ದಾರೆ. ಒಲೆಯ ಮುಂದೆ ನಿಂತವನ ತಾಳ್ಮೆಯಿಂದ ಬದನೆಕಾಯಿಯ ಮೇಲೆ ಷಟ್ಪದಿ ಕಟ್ಟಿದವರು ಎಷ್ಟು ಮಂದಿ? ವಾರ್ಧಕ ಷಟ್ಪದಿಯ ಗಂಭೀರವಾದ ನಡಿಗೆಯಲ್ಲಿ ಹಿಟ್ಟಿನ ತಿನಿಸುಗಳು, ಪಾನಕಗಳು, ಅನ್ನದ ಬಗೆಗಳು, ಬಾಳೆ, ಹಲಸು, ಕೊನೆಗೆ ಕಳಲೆ, ಎಲ್ಲವೂ ಸಾಲಾಗಿ ಬರುತ್ತವೆ. ಬದನೆಗಂತೂ ಅವನು ಕೊಟ್ಟಿರುವ ಮರ್ಯಾದೆ ದೊಡ್ಡದು. ಕವಿ ಜೈನನಾದ್ದರಿಂದ ಮಾಂಸದ ಮಾತಿಲ್ಲ. ಪ್ರಭುಮನೆಯ ಪುಸ್ತಕವಾದ್ದರಿಂದ ಕೂಲಿಯವನ ತಟ್ಟೆಯನ್ನು ಅಲ್ಲಿ ಹುಡುಕಬಾರದು. ಪ್ಲಾತಿನಾನಲ್ಲೂ ಅದು ಸಿಕ್ಕದು.

ಇವೆರಡು ಲೋಕಗಳ ನಡುವೆ ಓಡಾಡಿದವನೂ ಒಬ್ಬನಿದ್ದ. ಬೊಲೊನ್ಯದ ಲುದೊವಿಕೊ ವರ್ತೆಮಾ 1505ರ ಸುಮಾರಿಗೆ ಪಾರಸಿ ವರ್ತಕ ಗೆಳೆಯನೊಬ್ಬನ ಜೊತೆಯಲ್ಲಿ ನಮ್ಮ ಕರಾವಳಿಯನ್ನೆಲ್ಲ ನೋಡಿಕೊಂಡು, ಕಣ್ಣಾನೂರಿನಿಂದ ವಿಜಯನಗರಕ್ಕೂ ಹೋಗಿಬಂದ. ಆ ನಗರವನ್ನು ಎರಡನೆಯ ಸ್ವರ್ಗವೆಂಬಂತೆ ಹೊಗಳಿದ. ಅವನ ಪ್ರವಾಸಕಥನ ರೋಮಿನಲ್ಲಿ ಅಚ್ಚಾದದ್ದು 1510ರಲ್ಲಿ, ಎಂದರೆ 'ಸಮ್ಯಕ್ತ್ವಕೌಮುದಿ'ಯ ಮರುವರ್ಷ.

ಈಗ ಒಂದು ಕಲ್ಪನೆ ಮಾಡೋಣ. ಈ ವರ್ತೆಮಾ ಕಲ್ಲಹಳ್ಳಿಯ ಪಂಕ್ತಿಯಲ್ಲಿ ಕುಳಿತಿದ್ದರೆ ಅವನ ಎಲೆಯ ಮೇಲೆ ಮೆಣಸಿನಕಾಯಿ ಇರುತ್ತಿರಲಿಲ್ಲ. ಆಲೂಗಡ್ಡೆ, ಟೊಮೆಟೊ ಇರುತ್ತಿರಲಿಲ್ಲ. ಇವು ಮೂರೂ ಅಮೆರಿಕದವು. ಪೋರ್ಚುಗೀಸರ ಹಡಗುಗಳ ಕಾಲದ ಮೇಲೆಯೇ ನಮಗೆ ದೊರೆತವು. ಅಂದಿನ ಖಾರವೆಲ್ಲ ಕರಿಮೆಣಸು, ಶುಂಠಿಗಳದು. ಭಾಷೆಯೇ ಇದಕ್ಕೆ ಸಾಕ್ಷಿ: ಹೊಸದಾಗಿ ಬಂದ ಕಾಯಿಗೆ 'ಮೆಣಸಿನಕಾಯಿ' ಎಂದು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟೆವು. ಕಾಯಿ ಮನೆತುಂಬ ಹರಡಿಕೊಂಡ ಮೇಲೆ, ಪಾಪ, ಹಳೆಯ ಮೆಣಸು ತನ್ನನ್ನು 'ಕರಿ'ಮೆಣಸು ಎಂದು ಬೇರೆ ಗುರುತಿಸಿಕೊಳ್ಳಬೇಕಾಯಿತು. ಹುಳಿಗೆ ಹುಣಸೆ ಇತ್ತು. ಹೆಸರಿನಲ್ಲೇ ಹುಣಸೆಯನ್ನು ಇಟ್ಟುಕೊಂಡ ಊರಿಗೆ ಟೊಮೆಟೊದ ಹಂಗೇಕೆ?

ಅತ್ತ ಮಂಗರಸನ ಮನೆಯವರು ಯಾರಾದರೂ ರೋಮಿಗೆ ಹೋಗಿದ್ದರೆ ಅವರಿಗೂ ಕೆಂಪು ಗೊಜ್ಜು ಸಿಗುತ್ತಿರಲಿಲ್ಲ. ಆ ಕಾಲದ ಮಾಕರೋನಿಯನ್ನು ಬಹಳ ಹೊತ್ತು ಬೇಯಿಸಿ, ಚೀಸು, ಬೆಣ್ಣೆ, ಸಿಹಿಮಸಾಲೆ ಹಾಕಿ ತಿನ್ನುತ್ತಿದ್ದರು. ಇಟಲಿಯಲ್ಲಿ ಟೊಮೆಟೊದ ಮಾತನ್ನು ಗ್ರಂಥದಲ್ಲಿ ಎತ್ತಿದವನು ಮತ್ತಿಯೋಲಿ, 1544ರಲ್ಲಿ. 'ಚಿನ್ನದ ಹಣ್ಣು' ಎಂಬ ಹೆಸರೇನೋ ಅದಕ್ಕೆ ಸಿಕ್ಕಿತು. ಆದರೆ ನೇಪಲ್ಸಿನ ಆಂತೋನಿಯೊ ಲಾತೀನಿ ಅದರ ಗೊಜ್ಜಿನ ಕ್ರಮವನ್ನು ಅಚ್ಚು ಹಾಕಿಸುವ ಹೊತ್ತಿಗೆ ಆ ಶತಮಾನವೂ ಕಳೆದು 1690ರ ದಶಕ ಬಂದಿತ್ತು. ಆಗಲೂ ಆತ ಅದನ್ನು ಕರೆದದ್ದು ಸ್ಪೇನಿನ ಬಗೆಯ ಗೊಜ್ಜೆಂದು!

ನಮ್ಮಿಂದ ಅವರಿಗೆ ಹೋದದ್ದೂ ಉಂಟು. ಮಂಗರಸ ಮುದ್ದಿಸಿದ ಬದನೆ ಪಾರಸಿಗಳ, ಅರಬರ ಕೈದಾಟಿ ಇಟಲಿಯನ್ನು ಸೇರಿ 'ಮೆಲಂಜಾನ' ಎನಿಸಿತು. ಆ ಹೆಸರನ್ನು ಅಲ್ಲಿನ ಜನ 'ಹುಚ್ಚುಹಣ್ಣು' ಎಂದು ಬಿಡಿಸಿಕೊಂಡು ಅನುಮಾನಪಟ್ಟರು. 1891ರಲ್ಲಿ ತನ್ನ ಹೆಸರಾಂತ ಪಾಕಗ್ರಂಥವನ್ನು ಪ್ರಕಟಿಸಿದ ಆರ್ತೂಸಿ ಹೇಳುವಂತೆ, ಅದಕ್ಕೆ ನಲವತ್ತು ವರ್ಷ ಹಿಂದೆ ಫ್ಲಾರೆನ್ಸಿನ ಸಂತೆಯಲ್ಲಿ ಬದನೆ ಕಾಣುವುದೇ ಅಪರೂಪವಾಗಿತ್ತು. ಯಹೂದಿಗಳು ತಿನ್ನುವ ಕೀಳು ತರಕಾರಿಯೆಂದು ಉಳಿದವರು ದೂರವಿಟ್ಟಿದ್ದರು. ಪಂಕ್ತಿಭೇದ ನಮ್ಮೊಬ್ಬರ ಆಸ್ತಿಯಲ್ಲ. ಭತ್ತವೂ ಪೂರ್ವದಿಂದ ಹೋದದ್ದೇ. ಮಿಲಾನಿನ ಪ್ರಭು ಫೆರಾರದ ಪ್ರಭುವಿಗೆ ಭತ್ತದ ಬೀಜ ಕಳುಹಿಸುವ ಮಾತು ನಡೆದದ್ದು 1475ರಲ್ಲಿ. ಕಾವೇರಿಯ ನೀರುಂಡ ಎಡತೊರೆಯ, ಈಗಿನ ಕೃಷ್ಣರಾಜನಗರದ, ಗದ್ದೆಗಳವರಿಗೆ ಇದು ನಗೆ ತರಿಸಬಹುದು.

ಇಂದು ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ನಿಂತಿರುವ ಹೊಗೆಸೊಪ್ಪು, ಹೆಗ್ಗಡದೇವನಕೋಟೆಯ ಮುಸುಕಿನ ಜೋಳ, ಇವೂ ಹೊರಗಿನಿಂದ ಬಂದವೇ. ಅದೇ ಜೋಳದ ಹಿಟ್ಟನ್ನು ಉತ್ತರ ಇಟಲಿಯವರು ಮುದ್ದೆಯಂತೆ ತೊಳಸಿ 'ಪೊಲೆಂತಾ' ಎಂದು ಉಣ್ಣುತ್ತಾರೆ.

ಎಲ್ಲಿಗೂ ಹೋಗದೆ ಉಳಿದದ್ದು ಮಂಗರಸನ ಕಳಲೆ. ಆಷಾಢದ ಮಳೆಯಲ್ಲಿ ಕಾಕನಕೋಟೆಯ ಸೀಮೆಯ ಬಿದಿರುಮೆಳೆಗಳ ಬುಡದಲ್ಲಿ ಅದು ಏಳುತ್ತದೆ. ಎಳೆಯದನ್ನು ಮುರಿದು, ಸಿಪ್ಪೆ ಬಿಡಿಸಿ, ಸಣ್ಣಗೆ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಯಿಡಬೇಕು. ಇಲ್ಲವಾದರೆ ಕಹಿ ಹೋಗದು, ನಂಜೂ ಇಳಿಯದು. ಮಳೆಗಾಲ ಕಳೆದರೆ ಮತ್ತೆ ಮರುವರ್ಷವೇ.