ಡೀಸೆಲ್ ನೀರೆತ್ತುವ ಎಂಜಿನ್: ಹೊರೆಗೆ ನಿಲ್ಲುವ ದೋಷ

ಖಾಲಿ ಓಡುವಾಗ ಸರಿಯಾಗಿರುವ ಡೀಸೆಲ್ ಎಂಜಿನ್, ಪಂಪಿನ ಭಾರ ಬಿದ್ದೊಡನೆ ಅಥವಾ ಸ್ವಲ್ಪ ಹೊತ್ತಿನ ಬಳಿಕ ವೇಗ ಕಳೆದುಕೊಂಡು ಆರಿಹೋಗುವುದಕ್ಕೆ ಹೊರೆಗೆ ನಿಲ್ಲುವ ದೋಷ ಎನ್ನಬಹುದು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ಇದಕ್ಕೆ ‘ಇಂಜನ್ ಲೋಡ್ ತಗೋವಲ್ದು’ ಎಂಬ ಮಾತಿದೆ. ಹಳೆಯ ಎಂಜಿನ್ನುಗಳಲ್ಲಿ ಇದು ಸಾಮಾನ್ಯ. ಪಿಸ್ಟನ್, ರಿಂಗು ಸವೆದಿವೆಯೆಂದು ಎಂಜಿನ್ ಪೂರ್ತಿ ಬಿಚ್ಚುವವರಿದ್ದಾರೆ. ಆದರೆ ಕಾರಣ ಹಲವು ಸಲ ಎಂಜಿನ್ನಿನ ಹೊರಗೇ ಇರುತ್ತದೆ.

ಹಿನ್ನೆಲೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿ ಕಿತ್ತೂರು, ಬೈಲಹೊಂಗಲ ಸೀಮೆಗಳನ್ನು ಹಾದು ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟೆಗೆ ಬರುತ್ತದೆ. ಅಲ್ಲಿಂದ ರಾಮದುರ್ಗದ ಮಾರ್ಗವಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನದಿದಂಡೆಯ ಮತ್ತು ನವಿಲುತೀರ್ಥದ ಜಲಾಶಯವಾದ ರೇಣುಕಾಸಾಗರದ ಹಿನ್ನೀರಿನ ಹೊಲಗಳಿಗೆ ನೀರೆತ್ತಲು ಡೀಸೆಲ್ ಎಂಜಿನ್ ಬಹುಕಾಲ ಆಸರೆಯಾಗಿದೆ. ವಿದ್ಯುತ್ ಮೋಟರು ಬಂದ ಮೇಲೂ ಕರೆಂಟ್ ಕೈಕೊಟ್ಟ ದಿನ ರೈತ ಡೀಸೆಲ್ ಎಂಜಿನ್ನಿನ ಹ್ಯಾಂಡಲ್ ಹಿಡಿಯುತ್ತಾನೆ.

ಈ ಯಂತ್ರದ ಚರಿತ್ರೆಗೂ ಈ ನೆಲಕ್ಕೂ ನಂಟಿದೆ. ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಸವದತ್ತಿ ಸಮೀಪದ ಗುರ್ಲಹೊಸೂರಿನಲ್ಲಿ. ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ತಯಾರಿಸಿದ ಅವರು 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕೈಗಾರಿಕಾ ಊರು ಕಟ್ಟಿದರು. ಅದೇ ಮನೆತನದ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಯಿತು. ಅದರ ಎವಿ-1 ಮಾದರಿ ಒಂದು ಸಿಲಿಂಡರಿನದು: ಬೋರ್ 80 ಮಿ.ಮೀ., ಸ್ಟ್ರೋಕ್ 110 ಮಿ.ಮೀ., ನಿಮಿಷಕ್ಕೆ 1500 ಸುತ್ತಿನಲ್ಲಿ 5 ಅಶ್ವಶಕ್ತಿ. ಇಂಗ್ಲೆಂಡಿನ ಲಿಸ್ಟರ್ ಮಾದರಿಯಲ್ಲಿ ಗುಜರಾತಿನ ರಾಜಕೋಟದಲ್ಲಿ ತಯಾರಾದ ನಿಧಾನಗತಿಯ ಎಂಜಿನ್ನುಗಳೂ ದೇಶದುದ್ದಕ್ಕೂ ಬಳಕೆಗೆ ಬಂದವು.

ಎಂಜಿನ್ ಹೊರೆ ಹೊರುವ ಬಗೆ

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಅದರ ಗಾತ್ರದ ಹದಿನಾರು ಹದಿನೇಳರಲ್ಲಿ ಒಂದು ಪಾಲಿಗೆ ಅದುಮಿದಾಗ ಹುಟ್ಟುವ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹೊರೆ ಹೆಚ್ಚಿ ವೇಗ ಇಳಿದರೆ ಗವರ್ನರ್ ಅದನ್ನು ಗುರುತಿಸಿ ಫ್ಯುಯೆಲ್ ಪಂಪಿನಿಂದ ಹೆಚ್ಚು ಎಣ್ಣೆ ಬಿಡಿಸುತ್ತದೆ. 5 ಅಶ್ವಶಕ್ತಿಯ ಎಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು ಒಂದು ಲೀಟರಿನಷ್ಟು ಡೀಸೆಲ್ ಕುಡಿಯುತ್ತದೆ. 1500 ಸುತ್ತಿನಲ್ಲಿ ನಿಮಿಷಕ್ಕೆ 750 ಸಲ ಎಣ್ಣೆ ಸಿಂಪಡಣೆಯಾಗುವುದರಿಂದ ಒಂದೊಂದು ಸಲಕ್ಕೆ ಬೀಳುವುದು ಒಂದು ಹನಿಯ ಅರ್ಧದಷ್ಟು ಮಾತ್ರ. ಖಾಲಿ ಓಡುವಾಗ ಅದಕ್ಕಿಂತ ಬಹಳ ಕಡಿಮೆ ಸಾಕು. ಆದ್ದರಿಂದಲೇ ಅರ್ಧ ಕಟ್ಟಿದ ಫಿಲ್ಟರ್ ಖಾಲಿ ಓಟದಲ್ಲಿ ತನ್ನ ದೋಷ ತೋರಗೊಡುವುದಿಲ್ಲ. ಪರೀಕ್ಷೆಯನ್ನು ಹೊರೆ ಹಾಕಿಯೇ ಮಾಡಬೇಕು.

ಹೊಗೆಯ ಸೂಚನೆ

ಎಂಜಿನ್ ಆರುವ ಗಳಿಗೆಯಲ್ಲಿ ಸೈಲೆನ್ಸರಿನ ಹೊಗೆ ನೋಡುವುದು ಪತ್ತೆಯ ಮೊದಲ ಹೆಜ್ಜೆ. ಹೊಗೆಯೇ ಇಲ್ಲದೆ ಸದ್ದಡಗಿದರೆ ಎಣ್ಣೆ ಸಾಲುತ್ತಿಲ್ಲ. ಕಪ್ಪು ಹೊಗೆ ಕಾರುತ್ತ ನಿಂತರೆ ಎಣ್ಣೆ ಬರುತ್ತಿದೆ, ಪೂರ್ತಿ ಉರಿಯುತ್ತಿಲ್ಲ: ಹೊರೆ ಹೆಚ್ಚಾಗಿದೆ, ಗಾಳಿ ಸಾಲದು ಅಥವಾ ನೋಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದೆ. ಕಾದ ಮೇಲೂ ಬಿಳಿ ಹೊಗೆ ಉಳಿದರೆ ಡೀಸೆಲಿನಲ್ಲಿ ನೀರು, ಕಂಪ್ರೆಷನ್ ಕೊರತೆ ಅಥವಾ ಟೈಮಿಂಗ್ ತಪ್ಪಿರುವ ಶಂಕೆ. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ.

ಹೊರೆಯ ಪರಿಶೀಲನೆ

ಪಟ್ಟಾ ಕಳಚಿ ಪಂಪಿನ ಗಾಲಿಯನ್ನು ಕೈಯಿಂದ ತಿರುಗಿಸಬೇಕು. ಅದು ಹಗುರಾಗಿ ಸುತ್ತದಿದ್ದರೆ ಬೇರಿಂಗ್ ಹೋಗಿದೆ, ಗ್ಲ್ಯಾಂಡ್ ಅತಿಯಾಗಿ ಬಿಗಿದಿದೆ ಅಥವಾ ಇಂಪೆಲ್ಲರಿಗೆ ಹೂಳು, ಚಿಂದಿ, ಜೊಂಡು ಸಿಕ್ಕಿದೆ. ಆದರೆ ಪಂಪ್ ನೀರಿನ ಹಿಡಿತ ಬಿಟ್ಟರೆ ಎಂಜಿನ್ ನಿಲ್ಲುವುದಿಲ್ಲ. ಹೊರೆ ತಪ್ಪಿ ಅದರ ಸದ್ದು ಹಗುರಾಗುತ್ತದೆ. ಆಗ ಫುಟ್‌ವಾಲ್ವ್ ನೋಡಬೇಕು.

ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ನೀರನ್ನು ಕಡಿಮೆ ಎತ್ತರಕ್ಕೆ ಏರಿಸಿದರೆ ಎಂಜಿನ್ನಿಗೆ ಹಗುರವೆಂದು ತೋರುತ್ತದೆ. ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಆಗುವುದು ತದ್ವಿರುದ್ಧ. ಎತ್ತರ ಕಡಿಮೆಯಾದಂತೆ ಅದು ಹೆಚ್ಚು ನೀರು ತಳ್ಳುತ್ತದೆ, ಹೆಚ್ಚು ಶಕ್ತಿ ಎಳೆಯುತ್ತದೆ. ಹಿನ್ನೀರು ತುಂಬಿ ಮೇಲೇರಿದಾಗ, ಅಥವಾ ನೀರನ್ನು ತಗ್ಗಿನ ಹೊಲಕ್ಕೆ ತಿರುಗಿಸಿದಾಗ, ಬೇಸಿಗೆಯಲ್ಲಿ ಸಲೀಸಾಗಿ ಓಡಿದ ಎಂಜಿನ್ ಕಪ್ಪು ಹೊಗೆಯುಗುಳಿ ನಿಲ್ಲಬಹುದು. ಡೆಲಿವರಿ ವಾಲ್ವನ್ನು ಸ್ವಲ್ಪ ಮುಚ್ಚಿದರೆ ಹೊರೆ ಇಳಿಯುತ್ತದೆ. ಪುಲ್ಲಿ ಬದಲಿಸಿ ಪಂಪಿನ ವೇಗವನ್ನು ಶೇಕಡಾ 10ರಷ್ಟು ಹೆಚ್ಚಿಸಿದರೆ ಬೇಕಾಗುವ ಶಕ್ತಿ ಸುಮಾರು ಮೂರನೇ ಒಂದರಷ್ಟು ಏರುತ್ತದೆ. ಪುಲ್ಲಿ ಬದಲಾದ ಮೇಲೆ ಶುರುವಾದ ದೋಷಕ್ಕೆ ಎಂಜಿನ್ನನ್ನು ದೂರುವಂತಿಲ್ಲ.

ಇಂಧನದ ದಾರಿ

ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮಣ್ಣಿನಿಂದ ಮುಚ್ಚಿದ್ದರೆ ಎಣ್ಣೆ ಇಳಿದಂತೆ ಒಳಗೆ ನಿರ್ವಾತ ಉಂಟಾಗಿ ಹರಿವು ಕುಗ್ಗುತ್ತದೆ. ಎಂಜಿನ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಹೊರಡುತ್ತದೆ. ಮುಚ್ಚಳ ಸಡಿಲಿಸಿದಾಗ ಓಟ ಮುಂದುವರಿದರೆ ದೋಷ ಸಿಕ್ಕಿತು. ಒಂದು ಸೂಜಿ ಸಾಕು ಅದನ್ನು ತೆಗೆಯಲು.

ಆಮೇಲೆ ಫಿಲ್ಟರ್. ಬಟ್ಟಲಿನ ಎಣ್ಣೆಯನ್ನು ಗಾಜಿನ ಬಾಟಲಿಗೆ ಸುರಿದು ಅಲುಗಿಸದೆ ಇಟ್ಟರೆ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ನೀರು, ಎಣ್ಣೆ ಕೂಡುವಲ್ಲಿ ಕಪ್ಪು ಲೋಳೆ ಕಾಣಿಸಿದರೆ ಟ್ಯಾಂಕನ್ನೂ ತೊಳೆಯಬೇಕು. ಫಿಲ್ಟರ್ ಬದಲಿಸಿದ ಮೇಲೆ ಏರ್ ತೆಗೆಯುವುದು ಕಡ್ಡಾಯ. ಬ್ಲೀಡ್ ಸ್ಕ್ರೂವನ್ನು ಪಾನಾದಿಂದ ಅರೆಸುತ್ತು ಸಡಿಲಿಸಿದರೆ ಮೊದಲು ನೊರೆ, ನಂತರ ಗುಳ್ಳೆ ಬೆರೆತ ಎಣ್ಣೆ, ಕೊನೆಗೆ ಗುಳ್ಳೆಯಿಲ್ಲದ ಧಾರೆ ಬರುತ್ತದೆ. ಆ ಧಾರೆ ಬಂದಾಗಲೇ ಬಿಗಿಯಬೇಕು. ಮರುದಿನ ಮತ್ತೆ ನೊರೆ ಬಂದರೆ ಪೈಪಿನ ಜೋಡಣೆಯಲ್ಲೋ ತಾಮ್ರದ ವಾಷರಿನಲ್ಲೋ ಸಂದಿದೆ.

ಗಾಳಿ, ಕಂಪ್ರೆಷನ್, ಬಿಸಿ

ಎರೆ ಭೂಮಿಯ ನುಣುಪು ದೂಳು ಏರ್ ಕ್ಲೀನರನ್ನು ಬೇಗ ಕಟ್ಟುತ್ತದೆ. ಸೈಲೆನ್ಸರಿನಲ್ಲಿ ಮಸಿ ಗಟ್ಟಿಯಾದರೂ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ರೇಣುಕಾಸಾಗರದ ಪೂರ್ಣ ಮಟ್ಟವೇ ಸಮುದ್ರಮಟ್ಟದಿಂದ ಸುಮಾರು 633 ಮೀಟರ್. ಇಲ್ಲಿನ ಗಾಳಿ ಸಮುದ್ರತೀರಕ್ಕಿಂತ ಶೇಕಡಾ ಆರರಷ್ಟು ವಿರಳ. ಆದ್ದರಿಂದ 5 ಅಶ್ವಶಕ್ತಿಯೆಂದು ಬರೆದಿರುವ ಹಳೆಯ ಎಂಜಿನ್ನಿಗೆ ಪೂರ್ತಿ ಐದನ್ನೂ ಬೇಡುವ ಪಂಪು ಜೋಡಿಸಬಾರದು.

ಕಂಪ್ರೆಷನ್ ನೋಡಲು ಡಿಕಂಪ್ರೆಷನ್ ಲಿವರ್ ಇಳಿಸಿ ಫ್ಲೈವೀಲನ್ನು ನಿಧಾನವಾಗಿ ಕೈಯಿಂದ ಒತ್ತಬೇಕು. ಅದು ಸ್ಪ್ರಿಂಗಿನಂತೆ ಹಿಂದೆ ಚಿಮ್ಮಿದರೆ ಸರಿ, ಸುಮ್ಮನೆ ಸರಿದರೆ ಸೋರಿಕೆಯಿದೆ. ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿದಾಗ ಒತ್ತಡ ಸುಧಾರಿಸಿದರೆ ರಿಂಗು ಸವೆದಿವೆ. ಸುಧಾರಿಸದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕು.

ನೀರಿನಿಂದ ತಣಿಯುವ ಎಂಜಿನ್ನಿನಲ್ಲಿ ನದಿಯ ಹೂಳು ನೀರಿನ ದಾರಿ ಕಟ್ಟಿದರೆ ಪಿಸ್ಟನ್ ಹಿಗ್ಗಿ ಹಿಡಿದುಕೊಳ್ಳುತ್ತದೆ. ನಿಂತ ಕೂಡಲೆ ಹ್ಯಾಂಡಲ್ ಬಿಗಿಯಾಗಿದ್ದು, ತಣ್ಣಗಾದ ಮೇಲೆ ಸಡಿಲವಾದರೆ ಕಾರಣ ಇದೇ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬಾರದು, ಎರಕ ಸೀಳುತ್ತದೆ.

ದೋಣಿ ಮೋಟರುಗಳಲ್ಲಿ

ಕರಾವಳಿಯ ನಾಡದೋಣಿಗಳ, ಕಿಡಿಯಿಂದ ಓಡುವ ಹೊರಜೋಡಣೆಯ ಮೋಟರುಗಳಲ್ಲೂ ಇದೇ ದೋಷವಿದೆ, ಹುಡುಕುವ ತರ್ಕವೂ ಅದೇ. ಅಲ್ಲಿ ಪಂಪಿನ ಬದಲು ಪ್ರೊಪೆಲ್ಲರ್ ಹೊರೆ. ಸಿಕ್ಕಿದ ಬಲೆಯ ದಾರ, ಟ್ಯಾಂಕಿನ ಗಾಳಿರಂಧ್ರ, ಫ್ಯುಯೆಲ್ ಪಂಪಿನ ಹರಿದ ಪೊರೆ, ಕಾರ್ಬುರೇಟರಿನ ಮುಖ್ಯ ಜೆಟ್, ಕಿಡಿ ತಪ್ಪಿದ ಒಂದು ಸಿಲಿಂಡರ್, ಇವನ್ನು ಸರದಿಯಂತೆ ನೋಡುತ್ತಾರೆ. ಎಣ್ಣೆಯ ಕೊಳವೆಯಲ್ಲಿರುವ ರಬ್ಬರ್ ಬುಡ್ಡಿಯನ್ನು ಹಿಚುಕಿದಾಗ ಓಟ ಚೇತರಿಸಿಕೊಂಡರೆ ಇಂಧನದ ಕೊರತೆಯೆಂದು ತಿಳಿಯುತ್ತದೆ.

ಎಚ್ಚರಿಕೆ

ನೋಜಲಿನ ಸಿಂಪಡಣೆಗೆ ಎಂದೂ ಕೈ ಒಡ್ಡಬಾರದು. ಅದರ ಒತ್ತಡಕ್ಕೆ ಎಣ್ಣೆ ಚರ್ಮ ಭೇದಿಸಿ ಒಳಹೋಗುತ್ತದೆ. ಚಿಕ್ಕ ಗಾಯವೆಂದು ಬಿಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪಟ್ಟಾದ ಹತ್ತಿರ ಧೋತರ, ಸೀರೆಯ ಸೆರಗು ಸಡಿಲವಾಗಿರಬಾರದು. ಬಾವಿಯೊಳಗೆ ಎಂಜಿನ್ ಓಡಿಸುವುದು ಪ್ರಾಣಕ್ಕೇ ಅಪಾಯ: ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅಲ್ಲಿ ತುಂಬಿಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ರಾಮದುರ್ಗ ಭಾಗಕ್ಕೆ ನುಗ್ಗಿದಂಥ ಮಲಪ್ರಭೆಯ ಪ್ರವಾಹದಲ್ಲಿ ಮುಳುಗಿದ ಎಂಜಿನ್ನನ್ನು ಹಾಗೆಯೇ ತಿರುಗಿಸಬಾರದು. ನೀರು ಗಾಳಿಯಂತೆ ಅದುಮಿಸಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೋಜಲ್ ಬಿಚ್ಚಿ ಸಿಲಿಂಡರಿನ ನೀರು ಹೊರಹಾಕಿ, ಆಯಿಲ್ ಮತ್ತು ಡೀಸೆಲ್ ಎರಡನ್ನೂ ಬದಲಿಸಿದ ಬಳಿಕವೇ ಹ್ಯಾಂಡಲ್ ಹಾಕಬೇಕು.

ಹೊಗೆ, ಹೊರೆ, ಎಣ್ಣೆ, ಗಾಳಿ, ಕೊನೆಗೆ ಕಂಪ್ರೆಷನ್: ಪತ್ತೆಯ ಕ್ರಮ ಇದು. ಖರ್ಚು ಏರುವ ಕ್ರಮವೂ ಇದೇ. ಹೆಡ್ ಬಿಚ್ಚಲು ಫಿಟ್ಟರನನ್ನು ಕರೆಯುವ ಮುನ್ನ ಟ್ಯಾಂಕಿನ ಮುಚ್ಚಳ, ಫಿಲ್ಟರಿನ ಬಟ್ಟಲು, ಪಂಪಿನ ಗಾಲಿ ಈ ಮೂರನ್ನೂ ರೈತ ತಾನೇ ನೋಡಿಕೊಂಡಿರಬೇಕು.