ಕೆರೆ, ಕಾಲುವೆ ಹಾಗೂ ಮರಗಳ ನಿರ್ವಹಣೆಯಲ್ಲಿ ನಾಗರಿಕರ ಪಾತ್ರ

ಪೀಠಿಕೆ:
ರಾಜಾಜಿನಗರ, ಬಸವೇಶ್ವರನಗರ ಮತ್ತು ವಿಜಯನಗರ ಬಡಾವಣೆಗಳ ಮಳೆನೀರು ರಾಜಕಾಲುವೆಗಳ ಮೂಲಕ ವೃಷಭಾವತಿಯನ್ನು ಸೇರುತ್ತದೆ. ಈ ನದಿಯು ಕೆಂಗೇರಿಯ ಮಾರ್ಗವಾಗಿ ಹರಿದು ಅರ್ಕಾವತಿಯಲ್ಲಿ ಸಂಗಮಿಸುತ್ತದೆ. ಮೇಲ್ಭಾಗದಲ್ಲಿ ಕಾಲುವೆಗೆ ಬಿಟ್ಟ ಕೊಳಚೆಯ ಪರಿಣಾಮವನ್ನು ಕೆಳಭಾಗದ ಊರುಗಳು ಅನುಭವಿಸುತ್ತವೆ. ಆದುದರಿಂದ ಇಂತಹ ವಿಷಯಗಳಲ್ಲಿ ಸ್ಥಳೀಯರ ಪಾಲ್ಗೊಳ್ಳುವಿಕೆಗೆ ಕಾನೂನು ಅವಕಾಶ ಕಲ್ಪಿಸಿದೆ.

1. ವಾರ್ಡ್ ಸಮಿತಿ:
1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯನ್ವಯ, 3 ಲಕ್ಷ ಅಥವಾ ಹೆಚ್ಚಿನ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿ ಕಡ್ಡಾಯ. ಒಂದೇ ವಾರ್ಡಿನ ಸಮಿತಿಗೆ ಆ ವಾರ್ಡಿನ ಚುನಾಯಿತ ಸದಸ್ಯರೇ ಅಧ್ಯಕ್ಷರು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯು 2020ರ ಸೆಪ್ಟೆಂಬರ್ 10ರಂದು ಮುಕ್ತಾಯಗೊಂಡಿತು. ಹೊಸ ಚುನಾವಣೆ ನಡೆಯದೆಯೇ 2025ರ ಸೆಪ್ಟೆಂಬರ್ 2ರಂದು ಅದರ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಚುನಾಯಿತ ಸದಸ್ಯರಿಲ್ಲದ ಅವಧಿಯಲ್ಲಿ ಕೆಳಕಂಡ ಅವಕಾಶಗಳು ಹೆಚ್ಚಿನ ಮಹತ್ವ ಪಡೆಯುತ್ತವೆ.

2. ಜೀವವೈವಿಧ್ಯ ನಿರ್ವಹಣಾ ಸಮಿತಿ:
ಜೀವವೈವಿಧ್ಯ ಅಧಿನಿಯಮ, 2002ರ 41ನೇ ಪ್ರಕರಣದಂತೆ ನಗರ ಪಾಲಿಕೆಯು ಈ ಸಮಿತಿಯನ್ನು ರಚಿಸತಕ್ಕದ್ದು. ಸ್ಥಳೀಯರೊಂದಿಗೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಸಮಿತಿಯ ಮುಖ್ಯ ಕರ್ತವ್ಯ.

3. ಮರಗಳ ಕಡಿತಲೆ:
ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಡಿ ಸ್ವಂತ ನಿವೇಶನದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅಗತ್ಯ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರಗಳನ್ನು ತೆರವುಗೊಳಿಸಬೇಕಾದಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸತಕ್ಕದ್ದು. ಆಕ್ಷೇಪಣೆಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ.

4. ದಾಖಲೆಗಳ ಪ್ರತಿ:
ಸಭಾ ನಡವಳಿ, ಕಾಮಗಾರಿ ಅಂದಾಜು ಮುಂತಾದವುಗಳಿಗೆ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿ ಇರುತ್ತದೆ.