ಆಟದ ನಡುವೆ ಗಣಕ ತಡವರಿಸುವುದೇಕೆ?

ಪರದೆಯ ಮೂಲೆಯಲ್ಲಿ ಸೆಕೆಂಡಿಗೆ 90 ಫ್ರೇಮು ಎಂಬ ಅಂಕಿ ಮಿನುಗುತ್ತಿರುತ್ತದೆ. ಆದರೂ ತಿರುವಿನಲ್ಲಿ ಕಾರು ಕ್ಷಣಕಾಲ ನಿಂತು, ಮರುಕ್ಷಣ ಗೋಡೆಗೆ ಅಪ್ಪಳಿಸಿರುತ್ತದೆ. ಮೇಜುಗಣಕದಲ್ಲಿ ಆಟವಾಡುವವರಿಗೆ ಈ ತಡವರಿಕೆ ಹೊಸತೇನಲ್ಲ. ಪರಿಹಾರ ಕೇಳಿಕೊಂಡು ಅಂಗಡಿಗೆ ಹೋದವರಿಗೆ ಬಹುತೇಕ ಸಂದರ್ಭಗಳಲ್ಲಿ ದೊರೆಯುವ ಉತ್ತರ ಒಂದೇ: ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಿ. ಹತ್ತಾರು ಸಾವಿರ ರೂಪಾಯಿ ತೆತ್ತು ಹೊಸ ಕಾರ್ಡ್ ತಂದ ಮೇಲೂ ತಡವರಿಕೆ ಹಾಗೆಯೇ ಉಳಿದರೆ, ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಾಗಾಗಿ ಹಣ ಬಿಚ್ಚುವ ಮುನ್ನ ದೋಷ ಎಲ್ಲಿದೆ ಎಂಬುದನ್ನು ಪತ್ತೆ ಹಚ್ಚುವುದು ಅವಶ್ಯ.

ಮೊದಲಿಗೆ ಆ ಅಂಕಿಯ ಮೋಸವನ್ನು ಅರಿಯಬೇಕು. ಸೆಕೆಂಡಿಗೆ 60 ಫ್ರೇಮು ಎಂದರೆ ಪ್ರತಿ ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡು ಎಂದು ನಾವು ಭಾವಿಸುತ್ತೇವೆ. ಆದರೆ ಅದು ಸರಾಸರಿ ಮಾತ್ರ. 59 ಫ್ರೇಮುಗಳು ತಲಾ 14 ಮಿಲಿಸೆಕೆಂಡಿನಲ್ಲಿ ಸಿದ್ಧವಾಗಿ, ಇನ್ನುಳಿದ ಒಂದೇ ಒಂದು ಫ್ರೇಮು 174 ಮಿಲಿಸೆಕೆಂಡು ತೆಗೆದುಕೊಂಡರೂ ಲೆಕ್ಕ 60 ಎಂದೇ ಬರುತ್ತದೆ. ಕಣ್ಣಿಗೆ ಕಾಣುವುದು ಆ ಒಂದು ಫ್ರೇಮು. ಸರಾಸರಿಯನ್ನು ಬದಿಗಿಟ್ಟು ಪ್ರತಿ ಫ್ರೇಮಿನ ಸಮಯವನ್ನು ಅಳೆಯಬೇಕೆಂದು 2011ರಲ್ಲಿ ಟೆಕ್ ರಿಪೋರ್ಟ್ ಜಾಲತಾಣದ ಸ್ಕಾಟ್ ವಾಸನ್ ವಾದಿಸಿದ ನಂತರ, ಯಂತ್ರಾಂಶ ವಿಮರ್ಶೆಯ ರೀತಿಯೇ ಬದಲಾಯಿತು. ದುರದೃಷ್ಟವಶಾತ್ ಮಾರಾಟದ ಜಾಹೀರಾತುಗಳು ಇಂದಿಗೂ ಸರಾಸರಿಯ ಭಾಷೆಯನ್ನೇ ಆಡುತ್ತವೆ.

ಜಾಲದ ವಿಳಂಬವನ್ನು ಇದರೊಂದಿಗೆ ಬೆರೆಸಬಾರದು. ಅಂತರಜಾಲದ ಮೂಲಕ ಆಡುವಾಗ ಎದುರಾಳಿಗಳು ಮಾತ್ರ ಜಿಗಿದಂತೆ ಕಂಡು, ನಿಮ್ಮ ನೋಟ ಮಾತ್ರ ಮೌಸಿನೊಂದಿಗೆ ಸರಾಗವಾಗಿ ತಿರುಗುತ್ತಿದ್ದರೆ, ದೋಷ ಸಂಪರ್ಕದ್ದೇ ಹೊರತು ಗಣಕದ್ದಲ್ಲ. ಇಡೀ ಪರದೆಯೇ ಸ್ತಬ್ಧವಾದರೆ ಮುಂದೆ ಓದಿ.

ಅಳೆಯಲು ಬೇಕಾದ ತಂತ್ರಾಂಶಗಳೆಲ್ಲ ಉಚಿತವಾಗಿಯೇ ದೊರೆಯುತ್ತವೆ. ಎಂಎಸ್‌ಐ ಆಫ್ಟರ್‌ಬರ್ನರ್ ಹಾಗೂ ಅದರ ಜೊತೆಗೇ ಬರುವ ರಿವಾಟ್ಯೂನರ್, ಇಂಟೆಲ್‌ನ ಪ್ರೆಸೆಂಟ್‌ಮಾನ್, ಕ್ಯಾಪ್‌ಫ್ರೇಮ್‌ಎಕ್ಸ್ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಫ್ರೇಮು ಸಮಯದ ಗೆರೆಯನ್ನು ಪರದೆಯ ಮೇಲೆ ತಂದುಕೊಂಡು ಅರ್ಧ ಗಂಟೆ ಆಡಿ ನೋಡಬೇಕು. ಗೆರೆ ಚಿಮ್ಮಿದ ಕ್ಷಣದಲ್ಲೂ ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇಕಡಾ 97-99ರಲ್ಲಿಯೇ ಇದ್ದರೆ ಕಾರ್ಡ್ ಏದುಸಿರು ಬಿಡುತ್ತಿದೆ ಎಂದರ್ಥ. ಆಟದ ದೃಶ್ಯ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸುವುದೇ ಅದಕ್ಕೆ ಪರಿಹಾರ. ಆ ಕ್ಷಣದಲ್ಲಿ ಕಾರ್ಡಿನ ಬಳಕೆ ಕುಸಿದಿದ್ದರೆ ಕಾರ್ಡ್ ಸುಮ್ಮನೆ ಕಾಯುತ್ತಾ ಕುಳಿತಿದೆ; ತಪ್ಪಿತಸ್ಥ ಪ್ರೊಸೆಸರ್, ರ್‍ಯಾಮ್, ಡಿಸ್ಕ್ ಅಥವಾ ತಂತ್ರಾಂಶ. ಪ್ರೊಸೆಸರಿನ ಒಟ್ಟು ಬಳಕೆ ಶೇಕಡಾ 30 ಮಾತ್ರ ಇದೆಯೆಂದು ನಿಶ್ಚಿಂತರಾಗುವಂತಿಲ್ಲ. ಎಂಟು ತಿರುಳುಗಳಲ್ಲಿ ಒಂದೇ ಒಂದು ಪೂರ್ತಿ ತುಂಬಿದ್ದರೂ ಆಟ ಅದಕ್ಕಾಗಿ ಕಾಯಬೇಕಾಗುತ್ತದೆ.

ಇನ್ನು ಕಾಸು ಖರ್ಚಿಲ್ಲದ ತಪಾಸಣೆಗಳು. ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೇ, ಅಥವಾ ಯಾರೋ ಅವಸರದಲ್ಲಿ ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿದ್ದಾರೆಯೇ? ನಗಬೇಡಿ, ಇದು ಅಪರೂಪದ ತಪ್ಪೇನಲ್ಲ. 144 ಹರ್ಟ್ಸ್ ಮಾನಿಟರ್ ಕೊಂಡವರು ವಿಂಡೋಸ್‌ನ ಪರದೆ ಆಯ್ಕೆಯಲ್ಲಿ 60 ಹರ್ಟ್ಸ್‌ನಲ್ಲೇ ಬಿಟ್ಟಿರುವುದುಂಟು. ಎರಡು ರ್‍ಯಾಮ್ ಪಟ್ಟಿಗಳಿದ್ದು ನಾಲ್ಕು ಕಿಂಡಿಗಳಿದ್ದರೆ, ಬಹುತೇಕ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರಿನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಕಿಂಡಿಗಳಲ್ಲಿ ಅವನ್ನು ಕೂರಿಸಬೇಕು. ಒಂದೇ ಪಟ್ಟಿ ಹಾಕಿದ ಗಣಕದಲ್ಲಿ ರ್‍ಯಾಮ್‌ನ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. ಅದರ ಪರಿಣಾಮ ಸರಾಸರಿಗಿಂತ ಹೆಚ್ಚಾಗಿ ತಡವರಿಕೆಯಲ್ಲೇ ಕಾಣುವುದು. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆ ಮಾಡದಿದ್ದರೆ, ರ್‍ಯಾಮ್ ಪೆಟ್ಟಿಗೆಯ ಮೇಲೆ ಬರೆದ ವೇಗಕ್ಕಿಂತ ಕಡಿಮೆ ವೇಗದಲ್ಲಿ ಓಡುತ್ತದೆ.

ಮೊದಲ ಹತ್ತು ಹದಿನೈದು ನಿಮಿಷ ಆಟ ಸರಾಗವಾಗಿದ್ದು, ಅನಂತರ ತಡವರಿಕೆ ಶುರುವಾಗುತ್ತದೆಯೇ? ಹಾಗಿದ್ದರೆ ಸಂಶಯ ಬಿಸಿಯ ಮೇಲೆ ಬೀಳಬೇಕು. ಮಿತಿ ಮೀರಿ ಬಿಸಿಯಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಇಂಟೆಲ್‌ನ ಹಲವಾರು ಮೇಜುಗಣಕ ಪ್ರೊಸೆಸರುಗಳಿಗೆ ಈ ಮಿತಿ 100 ಡಿಗ್ರಿ ಸೆಲ್ಸಿಯಸ್. ಎಎಂಡಿ ರೈಜೆನ್ 7000 ಶ್ರೇಣಿಯ ಬಹುತೇಕ ಪ್ರೊಸೆಸರುಗಳಿಗೆ 95 ಡಿಗ್ರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳ ಕೋಣೆಯಲ್ಲಿ, ಗೋಡೆಗೆ ಒತ್ತಿ ಅಥವಾ ಮೇಜಿನ ಮುಚ್ಚಿದ ಗೂಡಿನೊಳಗೆ ಇಟ್ಟ ಪೆಟ್ಟಿಗೆಗೆ ಈ ಮಿತಿ ಮುಟ್ಟಲು ಹೆಚ್ಚು ಹೊತ್ತು ಬೇಡ. ಗಣಕವನ್ನು ಆರಿಸಿ, ವಿದ್ಯುತ್ ತಂತಿ ಕಳಚಿ, ಪಕ್ಕದ ಮುಚ್ಚಳ ತೆಗೆದು ಧೂಳು ತೆಗೆಯಬೇಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದುಕೊಳ್ಳುವುದು ಒಳ್ಳೆಯದು. ವಿಪರೀತ ವೇಗದಲ್ಲಿ ತಿರುಗಿದರೆ ಬೇರಿಂಗು ಕೆಡುವ ಸಂಭವವಿದೆ. ನಾಲ್ಕೈದು ವರ್ಷ ಹಳೆಯ ಗಣಕವಾದರೆ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಒರೆಸಿ ಹೊಸತು ಹಚ್ಚುವ ವೆಚ್ಚ ಹೊಸ ಕಾರ್ಡಿನ ಮುಂದೆ ಏನೇನೂ ಅಲ್ಲ.

ಯಂತ್ರ ತಣ್ಣಗಿದ್ದೂ, ಹೊಸ ಜಾಗಕ್ಕೆ ಕಾಲಿಟ್ಟಾಗ ಅಥವಾ ಮೊದಲ ಬಾರಿ ಸ್ಫೋಟವೊಂದು ಸಂಭವಿಸಿದಾಗ ಮಾತ್ರ ಆಟ ಎಡವುತ್ತಿದ್ದರೆ, ಅದು ಬೇರೆಯೇ ಕಥೆ. ಬೆಳಕು, ನೀರು, ಹೊಗೆಗಳನ್ನು ಚಿತ್ರಿಸುವ ಶೇಡರ್ ಎಂಬ ಕಿರು ಆದೇಶಗಳನ್ನು ಪ್ರತಿಯೊಂದು ಕಾರ್ಡಿಗೂ, ಪ್ರತಿಯೊಂದು ಡ್ರೈವರಿಗೂ ಹೊಂದುವಂತೆ ಗಣಕದಲ್ಲಿಯೇ ಅನುವಾದಿಸಬೇಕಾಗುತ್ತದೆ. ಈ ಕೆಲಸವನ್ನು ಆಟದ ನಡುವೆಯೇ ಮಾಡಿದರೆ ಫ್ರೇಮು ಕಾಯುತ್ತದೆ. 2015ರಲ್ಲಿ ಬಂದ ಡೈರೆಕ್ಟ್‌ಎಕ್ಸ್ 12 ಈ ಹೊಣೆಯ ಬಹುಪಾಲನ್ನು ಆಟ ರಚಿಸುವವರ ಹೆಗಲಿಗೇರಿಸಿದ ನಂತರ ಸಮಸ್ಯೆ ಇನ್ನಷ್ಟು ಎದ್ದು ಕಂಡಿತು. ಎಲ್ಲರ ಬಳಿಯೂ ಒಂದೇ ಯಂತ್ರಾಂಶವಿರುವ ಪ್ಲೇಸ್ಟೇಷನ್‌ನಂಥ ಸಾಧನಗಳಲ್ಲಿ ಶೇಡರುಗಳನ್ನು ಮೊದಲೇ ಸಿದ್ಧಪಡಿಸಿ ಕೊಡಬಹುದಾದ್ದರಿಂದ ಈ ಕಾಟವಿಲ್ಲ. ಬಳಕೆದಾರರು ಮಾಡಬಹುದಾದದ್ದು ಇಷ್ಟೇ: ಆಟ ಆರಂಭದಲ್ಲಿ ಶೇಡರ್ ಸಿದ್ಧಪಡಿಸುತ್ತಿದ್ದೇನೆ ಎಂದರೆ ತಾಳ್ಮೆಯಿಂದ ಕಾಯುವುದು, ಡ್ರೈವರ್ ಬದಲಾಯಿಸಿದ ಮೇಲೆ ಮೊದಲ ದಿನದ ತಡವರಿಕೆಯನ್ನು ದೋಷವೆಂದು ಎಣಿಸದಿರುವುದು. ಎರಡನೆಯ ಬಾರಿ ಅದೇ ಜಾಗದಲ್ಲಿ ತಡವರಿಕೆ ಇಲ್ಲವಾದರೆ ನಿಮ್ಮ ಯಂತ್ರ ನಿರ್ದೋಷಿ. ಹೊಸ ಕಾರ್ಡ್ ತಂದರೂ ಈ ಅನುವಾದ ಮತ್ತೆ ಮೊದಲಿನಿಂದ ಆಗಲೇಬೇಕು.

ಕೆಲವೊಮ್ಮೆ ತಪ್ಪು ಯಾರೂ ಊಹಿಸದ ಕಡೆ ಇರುತ್ತದೆ. 2021ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಕಡ್ಡಾಯಗೊಳಿಸಿತು. ಅದಕ್ಕಾಗಿ ರೈಜೆನ್ ಗಣಕಗಳಲ್ಲಿ ಪ್ರೊಸೆಸರಿನೊಳಗಿನ ಎಫ್‌ಟಿಪಿಎಂ ಸಕ್ರಿಯಗೊಳಿಸಿದ ಕೆಲವರಿಗೆ ಆಗೊಮ್ಮೆ ಈಗೊಮ್ಮೆ ಇಡೀ ಯಂತ್ರವೇ ಕ್ಷಣಕಾಲ ಸ್ತಬ್ಧವಾಗತೊಡಗಿತು. ಧ್ವನಿಯೂ ಕಟಕಟನೆ ಮುರಿಯಿತು. ಕಾರ್ಡ್ ಬದಲಿಸಿದರೂ ಫಲವಿಲ್ಲ, ವಿಂಡೋಸ್ ಮರುಸ್ಥಾಪಿಸಿದರೂ ಫಲವಿಲ್ಲ. 2022ರ ಮಾರ್ಚ್‌ನಲ್ಲಿ ಎಎಂಡಿ ಸ್ವತಃ ಕಾರಣವನ್ನು ಒಪ್ಪಿಕೊಂಡಿತು: ಮದರ್‌ಬೋರ್ಡಿನ ಫ್ಲ್ಯಾಶ್ ಸ್ಮೃತಿಯೊಂದಿಗೆ ಎಫ್‌ಟಿಪಿಎಂ ನಡೆಸುವ ವ್ಯವಹಾರ ಕೆಲವೊಮ್ಮೆ ದೀರ್ಘವಾಗಿ, ಗಣಕ ಅಷ್ಟು ಹೊತ್ತು ಕಾಯುತ್ತಿತ್ತು. ಅಜೀಸಾ 1207 ಆವೃತ್ತಿಯನ್ನು ಒಳಗೊಂಡ ಹೊಸ ಬಯಾಸ್ ಪರಿಹಾರವಾಗಿ ಬಂದಿತು. ಲಿನಕ್ಸ್‌ನವರಿಗೂ ಇದೇ ಕಾಟ ತಟ್ಟಿದ್ದರಿಂದ, 2023ರಲ್ಲಿ ಎಎಂಡಿ ಎಫ್‌ಟಿಪಿಎಂನ ಯಾದೃಚ್ಛಿಕ ಸಂಖ್ಯೆಗಳ ಬಳಕೆಯನ್ನೇ ಲಿನಕ್ಸ್ ಕರ್ನೆಲ್‌ನಲ್ಲಿ ನಿಲ್ಲಿಸಲಾಯಿತು. ಹಳೆಯ ರೈಜೆನ್ ಗಣಕ ಇರುವವರು ಬಯಾಸ್ ಆವೃತ್ತಿಯನ್ನು ಈಗಲೂ ಒಮ್ಮೆ ನೋಡಿಕೊಳ್ಳುವುದು ಲೇಸು. ಬಿಟ್‌ಲಾಕರ್ ಬಳಸುತ್ತಿದ್ದರೆ ಮೊದಲು ಅದರ ಮರುಪ್ರಾಪ್ತಿ ಕೀಲಿಯನ್ನು ಬೇರೆಡೆ ಉಳಿಸಿ, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಆಮೇಲೆ ಬಯಾಸ್‌ಗೆ ಕೈ ಹಾಕಬೇಕು. ಇಲ್ಲವಾದಲ್ಲಿ ಕಡತಗಳಿಗೇ ಬೀಗ ಬಿದ್ದೀತು. ಬಯಾಸ್ ಬದಲಾಯಿಸುವಾಗ ಕರೆಂಟು ಹೋದರೆ ಮದರ್‌ಬೋರ್ಡೇ ಕೈಕೊಡಬಹುದು; ಯುಪಿಎಸ್ ಇಲ್ಲದವರು ಮಳೆಗಾಲದ ಸಂಜೆ ಈ ಸಾಹಸಕ್ಕಿಳಿಯದಿರುವುದು ಕ್ಷೇಮ.

ಆಟವನ್ನು ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದರೆ ಎಸ್‌ಎಸ್‌ಡಿಗೆ ಸ್ಥಳಾಂತರಿಸಿ. ವಿಶಾಲ ಪ್ರಪಂಚದ ಆಟಗಳು ನಡೆಯುತ್ತಲೇ ಡಿಸ್ಕಿನಿಂದ ದೃಶ್ಯಗಳನ್ನು ಎಳೆದುಕೊಳ್ಳುತ್ತವೆ. ಕಾರ್ಡಿನ ಸ್ವಂತ ಸ್ಮೃತಿ ತುಂಬಿ ತುಳುಕಿದರೂ ಲಕ್ಷಣ ಹೆಚ್ಚುಕಡಿಮೆ ಇದೇ. ಟೆಕ್ಸ್‌ಚರ್ ಗುಣಮಟ್ಟ ಒಂದನ್ನೇ ಇಳಿಸಿದಾಗ ಆಟ ಸರಾಗವಾದರೆ ರೋಗ ಅದೇ ಎಂದು ತಿಳಿಯಬಹುದು. 60 ಹರ್ಟ್ಸ್ ಮಾನಿಟರಿನಲ್ಲಿ ವಿ-ಸಿಂಕ್ ಹಾಕಿದ್ದಾಗ 17 ಮಿಲಿಸೆಕೆಂಡು ತೆಗೆದುಕೊಂಡ ಫ್ರೇಮು ಕೂಡ ಮುಂದಿನ ಸರದಿಗೆ, ಅಂದರೆ 33.3 ಮಿಲಿಸೆಕೆಂಡಿನವರೆಗೆ, ಕಾಯಬೇಕಾಗುತ್ತದೆ. ಜಿ-ಸಿಂಕ್ ಅಥವಾ ಫ್ರೀಸಿಂಕ್ ಇರುವ ಮಾನಿಟರಿನಲ್ಲಿ ಆ ಆಯ್ಕೆಯನ್ನು ಚಾಲೂ ಮಾಡಿ, ಫ್ರೇಮು ಮಿತಿಯನ್ನು ಮಾನಿಟರಿನ ವೇಗಕ್ಕಿಂತ ಮೂರು ನಾಲ್ಕು ಕಡಿಮೆ ಇಟ್ಟರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ.

ಒಂದೇ ಗುಂಡಿ ಒತ್ತಿದರೆ ಗಣಕ ಹಾರುತ್ತದೆ ಎನ್ನುವ ವೇಗವರ್ಧಕ ತಂತ್ರಾಂಶಗಳಿಂದ, ರಿಜಿಸ್ಟ್ರಿ ಶುಚಿಗೊಳಿಸುವವುಗಳಿಂದ ದೂರವಿರಿ. ಅವು ಹಿನ್ನೆಲೆಯಲ್ಲಿ ಕುಳಿತು ತಾವೇ ಹೊರೆಯಾಗುವುದುಂಟು. ಹೊಸ ಡ್ರೈವರ್ ಹಾಕಿದಂದಿನಿಂದ ತೊಂದರೆ ಆರಂಭವಾಗಿದ್ದರೆ ಹಿಂದಿನ ಆವೃತ್ತಿಗೆ ಮರಳುವುದರಲ್ಲಿ ನಾಚಿಕೆಯೇನಿಲ್ಲ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಅದೇ ದೃಶ್ಯವನ್ನು ಮತ್ತೆ ಆಡಿ, ಗೆರೆಯನ್ನು ಹೋಲಿಸಿ ನೋಡಬೇಕು. ಐದು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವರಿಗೆ ಯಾವುದು ಫಲಿಸಿತೆಂದು ಎಂದೂ ತಿಳಿಯದು.

ಇಷ್ಟಾದ ಮೇಲೂ ಕಾರ್ಡಿನ ಬಳಕೆ ಶೇಕಡಾ 99ರಲ್ಲೇ ನಿಂತು, ದೃಶ್ಯ ಗುಣಮಟ್ಟ ಇಳಿಸಿದರೂ ಸಾಲದಿದ್ದರೆ, ಆಗ ಬೆಂಗಳೂರಿನ ಎಸ್.ಪಿ. ರಸ್ತೆಯ ದಾರಿ ಹಿಡಿಯಬಹುದು. ಹೋಗುವ ಮುನ್ನ ಗಣಕದ ಪವರ್ ಸಪ್ಲೈ ಮೇಲಿನ ವ್ಯಾಟ್ ಸಂಖ್ಯೆಯನ್ನು, ಪೆಟ್ಟಿಗೆಯೊಳಗೆ ಕಾರ್ಡಿಗೆ ಸಿಗುವ ಉದ್ದವನ್ನು ಬರೆದುಕೊಂಡು ಹೋಗಿ.